ಬೀಡಿ ಅಕ್ಕನ ಕ್ಯಾಲೆಂಡರ್

ಉಡುಪಿಯ ಸಂತೆಕಟ್ಟೆ ಹತ್ತಿರ ನನ್ನದೊಂದು ಸಣ್ಣ ಅಂಗಡಿ. ಝೆರಾಕ್ಸ್, ಪಾನ್ ಕಾರ್ಡ್, ಸೇವಾ ಸಿಂಧು ಅರ್ಜಿ, ಮಕ್ಕಳ ಪ್ರಾಜೆಕ್ಟಿಗೆ ಕಲರ್ ಪ್ರಿಂಟು. 2023ರ ಜೂನ್ 18ಕ್ಕೆ ಮನೆಗಳಿಗೆ ಫ್ರೀ ಕರೆಂಟಿನ ಗೃಹಜ್ಯೋತಿ ಯೋಜನೆಯ ನೋಂದಣಿ ಶುರುವಾದ ಮೇಲೆ ಎರಡು ವಾರ ನಾನು ಮಧ್ಯಾಹ್ನದ ಊಟ ಮಾಡಿದ್ದು ನೆನಪಿಲ್ಲ. ಹೊರಗೆ ಮಳೆ, ಒಳಗೆ ಸಾಲು. ಒದ್ದೆ ಕೊಡೆಗಳನ್ನು ಇಡಲಿಕ್ಕೂ ಜಾಗ ಇರಲಿಲ್ಲ. ಆ ಗಡಿಬಿಡಿಯಲ್ಲಿ ಒಬ್ಬರ ಅಕೌಂಟ್ ಐಡಿಗೆ ಇನ್ನೊಬ್ಬರ ಆಧಾರ್ ಸೇರಿಸಿಬಿಟ್ಟೆ. ಅದನ್ನು ಸರಿ ಮಾಡುವಷ್ಟರಲ್ಲಿ ಸಾಕೋಸಾಕಾಯಿತು. ತಪ್ಪು ನನ್ನದೇ.

ಆ ಸಾಲಿನಲ್ಲಿ ಬೀಡಿ ಕಟ್ಟುವ ಒಬ್ಬರು ಅಕ್ಕ ಇದ್ದರು. ಪ್ಲಾಸ್ಟಿಕ್ ಚೀಲದಿಂದ ಒಂದು ಕಟ್ಟು ಬಿಲ್ಲು ತೆಗೆದರು. ಬೀಡಿ ನೂಲಿನಲ್ಲಿ ಸುತ್ತಿ, ಬೀಡಿ ಕಟ್ಟಿನ ಹಾಗೇ ಗಂಟು ಹಾಕಿದ್ದರು. ಬಿಚ್ಚಿ ನೋಡಿದರೆ ಅರ್ಧಕ್ಕರ್ಧ ಬಿಲ್ಲು ಖಾಲಿ! ಮಿಷಿನ್ನಿನಿಂದ ಬರುವ ಆ ನಯವಾದ ಕಾಗದದ ಅಕ್ಷರ ನಾಲ್ಕು ತಿಂಗಳಿಗೆ ಮಾಸಿ ಹೋಗುತ್ತದೆ, ನಮ್ಮ ಊರಿನ ಸೆಕೆಗೆ ಇನ್ನೂ ಬೇಗ. "ಎಂಕ್ ದಾಲ ಗೊತ್ತುಜ್ಜಿ" ಎಂದರು ಅಕ್ಕ. ನನಗೇನೂ ಗೊತ್ತಿಲ್ಲ ಅಂತ. ಹಾಗೆ ಹೇಳುತ್ತಲೇ ಚೀಲದಿಂದ ಹಳೇ ಕ್ಯಾಲೆಂಡರ್ ಹೊರಗೆ ಬಂತು. ಪ್ರತಿ ತಿಂಗಳ ಬಿಲ್ಲು ಬಂದ ದಿನದ ಚೌಕದಲ್ಲಿ ಪೆನ್ನಿನಿಂದ ಒಂದು ಅಂಕಿ, ಆ ತಿಂಗಳ ಯೂನಿಟ್ಟು. 36, 39, 37, 40. ಮೊಮ್ಮಗನ ಹತ್ತಿರ ಬರೆಸಿ ಇಟ್ಟದ್ದಂತೆ.

ಏಪ್ರಿಲ್, ಮೇಯಲ್ಲೂ 40 ದಾಟಿಲ್ಲ. ಆ ಸೆಕೆಯಲ್ಲಿ ಫ್ಯಾನ್ ಹಾಕುವುದಿಲ್ವಾ ಎಂದು ಕೇಳಿದೆ. ಅಕ್ಕ ನನ್ನನ್ನೇ ವಿಚಿತ್ರವಾಗಿ ನೋಡಿದರು. ಫ್ಯಾನ್ ಹಾಕಿದರೆ ನೆನೆಸಿದ ಎಲೆ ಒಣಗುತ್ತದೆ, ಸುತ್ತುವಾಗ ಒಡೆಯುತ್ತದೆ. ಹೊಗೆಸೊಪ್ಪಿನ ಪುಡಿ ಹಾರಿ ಕಣ್ಣಿಗೆ ಬೀಳುತ್ತದೆ. ಹಾಗಾಗಿ ತಡ್ಪೆ, ಅಂದರೆ ಎಲೆ, ಪುಡಿ ಇಡುವ ಮೊರ, ಮುಂದಿಟ್ಟುಕೊಂಡು ಹಗಲಿಡೀ ಬೆವರು ಸುರಿಸಿಕೊಂಡೇ ಕಟ್ಟುವುದು. ಅಷ್ಟು ವರ್ಷ ಇಲ್ಲೇ ಇದ್ದು ನನಗೆ ಇದು ಗೊತ್ತಿರಲಿಲ್ಲ ನೋಡಿ.

ಈಗ ಲೆಕ್ಕ ಹಾಕಿ. ಯೋಜನೆಯ ಆಗಿನ ನಿಯಮ ಏನೆಂದರೆ, 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದೀರೋ ಅದಕ್ಕೆ ಶೇ. 10 ಸೇರಿಸಿ ಫ್ರೀ, 200 ಯೂನಿಟ್ ಒಳಗೆ. ಅಕ್ಕನ ಸರಾಸರಿ 38. ಸೇರುವುದು ನಾಲ್ಕು ಯೂನಿಟ್ಟೂ ಇಲ್ಲ. ಅದೇ ರಸ್ತೆಯ ಎರಡು ಮಹಡಿ ಮನೆಯವರ ಸರಾಸರಿ 170. ಅವರಿಗೆ 187ರವರೆಗೆ ಫ್ರೀ. ಸೆಕೆ ತಡೆದುಕೊಂಡು ಉಳಿಸಿದವರಿಗೆ ಕಡಿಮೆ, ಆರಾಮಾಗಿ ಬಳಸಿದವರಿಗೆ ಜಾಸ್ತಿ. ಅಕ್ಕನ ಮಗಳು ಬಾಣಂತನಕ್ಕೆ ಬಂದ ತಿಂಗಳು ರಾತ್ರಿಯಿಡೀ ಫ್ಯಾನ್ ತಿರುಗಿತು, 60 ದಾಟಿತು. ಮೇಲಿನ ಯೂನಿಟ್ಟಿಗೆಲ್ಲ ದುಡ್ಡು ಕಟ್ಟಿದರು. 2024ರ ಜನವರಿಯಲ್ಲಿ ಸರ್ಕಾರವೇ ಇದನ್ನು ತಿದ್ದಿ, ಕಡಿಮೆ ಬಳಸುವವರಿಗೆ ಶೇ. 10ರ ಬದಲು 10 ಯೂನಿಟ್ ಎಂದಿತು. ಒಳ್ಳೆಯದೇ. ಆದರೆ ಯೋಜನೆ ಬರೆಯುವಾಗ ಮೇಜಿನ ಸುತ್ತ ಒಬ್ಬರಾದರೂ ಬೀಡಿ ಕಟ್ಟುವವರು ಇದ್ದಿದ್ದರೆ ಮೊದಲ ದಿನವೇ ಹೇಳುತ್ತಿದ್ದರು, ಅಲ್ವಾ?

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಒಡಹುಟ್ಟಿದ ಅಕ್ಕನ ಮಗ ಮೊನ್ನೆ ಫೋನ್ ಮಾಡಿದ್ದ. "ಚಿಕ್ಕಮ್ಮ, ಇಲ್ಲಿ ಕಡಿಮೆ ಆದಾಯದವರ ಕರೆಂಟ್, ಗ್ಯಾಸ್, ನೀರಿನ ಬಿಲ್ಲಿಗೇ ಒಂದು ಸಲಹಾ ಮಂಡಳಿ ಉಂಟು. ಅದಕ್ಕೆ ಮೆಂಬರ್ ಹುಡುಕ್ತಾರೆ" ಎಂದ. ಅಲ್ಲಿ ಬಡವರಿಗೆ ಕರೆಂಟ್ ಬಿಲ್ಲಿನಲ್ಲಿ ಶೇ. 30ರಿಂದ 35, ಗ್ಯಾಸಿನಲ್ಲಿ ಶೇ. 20 ರಿಯಾಯಿತಿ ಉಂಟಂತೆ. ಇಂಥ ಯೋಜನೆಗಳ ಬಗ್ಗೆ, ಕರೆಂಟ್, ಗ್ಯಾಸ್, ನೀರಿನ ಕಂಪನಿಗಳ ಮೇಲೆ ಕಣ್ಣಿಡುವ ಅಲ್ಲಿನ ಆಯೋಗಕ್ಕೆ ಈ ಮಂಡಳಿ ಸಲಹೆ ಕೊಡುವುದು. ನನಗೆ ಹಿಡಿಸಿದ್ದು ಒಂದೇ ವಿಷಯ. ಐದು ಜನ ಬಡವರ ಬದುಕು ಬಲ್ಲವರೇ ಆಗಿರಬೇಕು, ಸರ್ಕಾರಿ ಇಲಾಖೆಗೂ ಕಂಪನಿಗೂ ಸೇರಿದವರಾಗಿರಬಾರದು ಎಂದು ಕಾನೂನಿನಲ್ಲೇ ಬರೆದಿದ್ದಾರೆ.

ನಮ್ಮಲ್ಲಿ ಏನಿದೆ ಎಂದು ನಾನೂ ಹುಡುಕಿದೆ. 2003ರ ವಿದ್ಯುತ್ ಕಾಯ್ದೆಯ 87ನೇ ಸೆಕ್ಷನ್ ಪ್ರಕಾರ ರಾಜ್ಯಕ್ಕೊಂದು ಸಲಹಾ ಸಮಿತಿ, ಹೆಚ್ಚೆಂದರೆ 21 ಜನ. ವಾಣಿಜ್ಯ, ಕೈಗಾರಿಕೆ, ಸಾರಿಗೆ, ಕೃಷಿ, ಕಾರ್ಮಿಕರು, ಗ್ರಾಹಕರು, ಸರ್ಕಾರೇತರ ಸಂಸ್ಥೆ, ಸಂಶೋಧನೆ ಎಲ್ಲ ಪಟ್ಟಿಯಲ್ಲಿದೆ. ಬಡ ಗ್ರಾಹಕರಿಗೆ ಅಂತ ಬೇರೆ ಕುರ್ಚಿ ಇಲ್ಲ. ಬೀಡಿ ಅಕ್ಕ ಕಾರ್ಮಿಕರಲ್ಲೂ ಬರುತ್ತಾರೆ, ಗ್ರಾಹಕರಲ್ಲೂ ಬರುತ್ತಾರೆ. ಆದರೆ ಅವರ ಹೆಸರು ಯಾರ ಬಾಯಿಗೂ ಬರುವುದಿಲ್ಲ. ಇನ್ನು ಗ್ಯಾರಂಟಿ ಯೋಜನೆಗಳಿಗೆ ತಾಲೂಕು ತಾಲೂಕಿಗೂ ಸಮಿತಿ ಆಯಿತು. ಅದಕ್ಕೆ ಪಕ್ಷದವರನ್ನೇ ಹಾಕಿದ್ದಾರೆ ಎಂದು 2025ರ ಮಾರ್ಚ್‌ನಲ್ಲಿ ವಿಧಾನಸಭೆಯಲ್ಲೇ ಗಲಾಟೆಯಾಯಿತು. ಯಾವ ಪಕ್ಷ ಇದ್ದರೂ ಇದೇ ಕಥೆ ಬಿಡಿ.

ಕರೆಂಟ್ ದರ ಏರಿಸುವ ಮೊದಲು ನಮ್ಮ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದವರು ಮಂಗಳೂರಿನಲ್ಲಿ ಸಾರ್ವಜನಿಕ ವಿಚಾರಣೆ ನಡೆಸುತ್ತಾರೆ. ಒಮ್ಮೆ ಅಂಗಡಿಗೆ ಬಾಗಿಲು ಹಾಕಿ, ಬಸ್ಸು ಹತ್ತಿ ಹೋಗಿದ್ದೆ. ಐಸ್ ಪ್ಲಾಂಟಿನವರು ಚೆನ್ನಾಗಿ ಮಾತಾಡಿದರು. ಪಂಪ್‌ಸೆಟ್ಟಿನ ರೈತರಂತೂ ಫೈಲು ಹಿಡಿದು ಪುಟ ನಂಬರ್ ಸಮೇತ ವಾದ ಮಾಡಿದರು, ನೋಡುವುದೇ ಖುಷಿ. ಬಾಡಿಗೆ ರೂಮಿನವರು, ಮಲ್ಪೆಯಲ್ಲಿ ಮೀನು ಕತ್ತರಿಸುವವರು, ಬೀಡಿಯವರು ಯಾರೂ ಇರಲಿಲ್ಲ. ಬರುವುದಾದರೂ ಹೇಗೆ? ಕೆಲಸದ ದಿನ, ಕೆಲಸದ ಹೊತ್ತು. ಬಸ್ ಚಾರ್ಜಿಗಿಂತ ದೊಡ್ಡದು ಹೋದ ಒಂದು ದಿನದ ಸಂಬಳ. ನಾನೂ ಏನೂ ಮಾತಾಡದೆ ಸುಮ್ನೆ ಕೂತು ಬಂದೆ, ಹೇಳಿಕೊಳ್ಳಲಿಕ್ಕೆ ನಾಚಿಕೆ.

ಹಾಗಾಗಿ ಬರೀ ಒಂದು ಕುರ್ಚಿ ಇಟ್ಟರೆ ಆಗಲಿಲ್ಲ. ಆ ದಿನದ ಕೂಲಿ ಕೊಡಬೇಕು, ಮೀಟಿಂಗು ಊರಿನ ಹತ್ತಿರವೇ ಆಗಬೇಕು, ಕಾಗದಪತ್ರ ಕನ್ನಡದಲ್ಲಿರಬೇಕು, ಮಾತು ತುಳುವಿನಲ್ಲಾದರೂ ಕೇಳಿಸಿಕೊಳ್ಳಬೇಕು. ಬಯೋಡಾಟಾ ಕೇಳಬಾರದು. ಆ ಕ್ಯಾಲೆಂಡರಿಗಿಂತ ಬಯೋಡಾಟಾ ಬೇಕಾ?

ನಿನ್ನೆ ಅಕ್ಕ ರೇಷನ್ ಕಾರ್ಡಿನ ಝೆರಾಕ್ಸಿಗೆ ಬಂದಿದ್ದರು. ತಮಾಷೆಗೆ ಕೇಳಿದೆ, ಕರೆಂಟಿನ ಬಗ್ಗೆ ದೊಡ್ಡವರ ಮೀಟಿಂಗಿಗೆ ಕರೆದರೆ ಹೋಗ್ತೀರಾ ಅಂತ. ಅವರು ನಗಲಿಲ್ಲ.

"ಯಾವ ದಿನ? ಗುರುವಾರ ಬ್ರಾಂಚಿಗೆ ಬೀಡಿ ಕೊಡುವುದುಂಟು."

ಬೇರೆ ದಿನ ಇಟ್ಟುಕೊಂಡರೆ?

ಝೆರಾಕ್ಸನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಸ್ವಲ್ಪ ಯೋಚನೆ ಮಾಡಿದರು. "ತಡ್ಪೆ ತಕೊಂಡು ಬರಬಹುದಾ ಅಲ್ಲಿಗೆ? ಕೇಳ್ತಾ ಕೇಳ್ತಾ ಕಟ್ಟಬಹುದಲ್ಲ. ಫ್ಯಾನ್ ಮಾತ್ರ ಬಂದ್ ಮಾಡಲಿಕ್ಕೆ ಹೇಳಿ."