ವಾಯ್ದೆ ಬೇಡ ಅಂದುಕೊಂಡಿದ್ದೆ

ಜೂನ್ ಕೊನೆಯ ವಾರ ಒಂದು ದಿನದ ಅಂತರದಲ್ಲಿ ಎರಡು ಮೇಲ್ ಬಂದವು. ಒಂದು ಬೆಂಗಳೂರಿನ ಕಾಲೇಜಿನದು. ಮೂರು ವರ್ಷದ ಎಲ್‌ಎಲ್‌ಬಿಗೆ ಸೀಟು ಸಿಕ್ಕಿದೆ, ಇಂಥ ತಾರೀಕಿನೊಳಗೆ ಫೀಸು ಕಟ್ಟಿ ಅಂತ. ಇನ್ನೊಂದು ಜರ್ಮನಿಯದು. ಅಕ್ಟೋಬರಿನಿಂದ ಹತ್ತು ತಿಂಗಳ ಫೆಲೋಶಿಪ್, ಫ್ರೈಬುರ್ಗ್ ಎಂಬ ಊರಿನಲ್ಲಿ. ಅಲ್ಲಿನ ಊರು-ಪಟ್ಟಣಗಳು ತಮ್ಮ ಹೆಸರಿನಲ್ಲೇ ಇರುವ ಕಾಡುಗಳನ್ನು ಹೇಗೆ ನೋಡಿಕೊಳ್ಳುತ್ತವೆ ಅಂತ ಓಡಾಡಿ, ಕೇಳಿ, ಬರೆಯುವ ಕೆಲಸ. ಎರಡಕ್ಕೂ ನಾನೇ ಅರ್ಜಿ ಹಾಕಿದ್ದೆ. ಎರಡೂ ಒಟ್ಟಿಗೆ ಬರುತ್ತವೆ ಅಂದುಕೊಂಡಿರಲಿಲ್ಲ.

ಮೂರು ವಾರ ಸರಿಯಾಗಿ ನಿದ್ದೆ ಇರಲಿಲ್ಲ. ಈಗ ತೀರ್ಮಾನ ಆಗಿದೆ. ಹೇಗಾಯಿತು ಅಂತ ಬರೆದಿಡುತ್ತಿದ್ದೇನೆ, ನಮ್ಮ ಕಡೆಯ ಯಾರಾದರೂ ಇದೇ ಜಾಗದಲ್ಲಿ ನಿಂತಿದ್ದರೆ ಓದಲಿ ಅಂತ.

ನಮ್ಮೂರು ಸಾಗರ ತಾಲ್ಲೂಕಿನ ಕರೂರು ಹೋಬಳಿಯಲ್ಲಿ, ಶರಾವತಿ ಹಿನ್ನೀರಿನ ಆಚೆ. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಗುವ ತನಕ ಸಾಗರಕ್ಕೆ ಹೋಗಲು ನಮಗೆ ಲಾಂಚೇ ದಾರಿ. ಅಜ್ಜನ ಮೂಲ ಊರು ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿ ಇದೆ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಮುಳುಗಡೆಯವರಿಗೆ ಅಂತ ತೋರಿಸಿದ ಜಾಗಕ್ಕೆ ಅಜ್ಜ ಬಂದು, ಜಾಗ ಸಮ ಮಾಡಿ, ಅಡಿಕೆ ಹಾಕಿದರು. ಜಾಗ ತೋರಿಸಿದರು, ಹಕ್ಕುಪತ್ರ ಕೊಡಲಿಲ್ಲ. ಪಹಣಿಯಲ್ಲಿ ಇವತ್ತಿಗೂ ಅದು ಅರಣ್ಯ.

ಇದೇ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. 1974ರ ಭೂಸುಧಾರಣೆಯಿಂದ ಎಷ್ಟೋ ಗೇಣಿದಾರರು ಉಳುತ್ತಿದ್ದ ಜಮೀನಿಗೆ ಒಡೆಯರಾದರು. ರಾಜ್ಯಕ್ಕೆಲ್ಲ ಕರೆಂಟು ಸಿಗಲಿ ಅಂತ ಊರು ಬಿಟ್ಟವರ ಕಾಗದ ಮಾತ್ರ ಇನ್ನೂ ಆಗಿಲ್ಲ. ಇದನ್ನು ಬರೆಯುವಾಗ ನನಗೆ ಈಗಲೂ ಕೈ ಬಿಸಿಯಾಗುತ್ತದೆ.

ಹಾಗಾಗಿ ನಮ್ಮ ಮನೆಯಲ್ಲಿ ದಿನಾ ಕೇಳುವ ಶಬ್ದ ಅಂದರೆ ವಾಯ್ದೆ, ಕೇಸಿಗೆ ಕೊಡುವ ಮುಂದಿನ ತಾರೀಕು. ಅಜ್ಜ ವಾಯ್ದೆಗೆ ಹೋಗುತ್ತಿದ್ದರು, ಈಗ ಅಪ್ಪ ಹೋಗುತ್ತಾರೆ. ಬೆಳಿಗ್ಗೆ ಹೊರಟು ಸಂಜೆ ಬಂದು ಕೊಡೆ ಮಡಚಿಡುತ್ತಾ "ಮುಂದಕ್ಕೆ ಹೋಯ್ತು" ಅನ್ನುತ್ತಾರೆ. ಅಮ್ಮ ಕಾಫಿ ತರುತ್ತಾಳೆ. ನನಗೆ ಲಾ ಓದಬೇಕು ಅನ್ನಿಸಿದ್ದು ಯಾವ ಪುಸ್ತಕದಿಂದಲೂ ಅಲ್ಲ, ಆ ಸಂಜೆಗಳಿಂದ. ಶಿವಮೊಗ್ಗದಲ್ಲಿ ಡಿಗ್ರಿ ಮುಗಿಸಿ ಎರಡು ವರ್ಷದಿಂದ ಸಾಗರದ ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಂಗ್, ನಕಲು ತರುವುದು, ಅರ್ಜಿ ತುಂಬುವುದು ಮಾಡುತ್ತಾ ಇದ್ದೇನೆ. ಇಷ್ಟಾದ ಮೇಲೆ ಕೈಗೆ ಬಂದ ಸೀಟನ್ನು ಮುಂದಕ್ಕೆ ಹಾಕುವುದು ಅಂದರೆ ನಾನೇ ಹೋಗಿ ಇನ್ನೊಂದು ವಾಯ್ದೆ ಕೇಳಿದ ಹಾಗೆ ಅಲ್ವಾ?

ಮೊದಲು ಮಾಡಿದ ಕೆಲಸ, ಕಾಲೇಜಿಗೆ ಫೋನ್. ಸೀಟನ್ನು ಒಂದು ವರ್ಷ ಇಟ್ಟುಕೊಳ್ಳಬಹುದಾ ಅಂತ ಕೇಳಿದೆ. ಆಗುವುದಿಲ್ಲ, ಮುಂದಿನ ವರ್ಷ ಹೊಸದಾಗಿ ಎಂಟ್ರೆನ್ಸ್ ಬರೆಯಿರಿ ಅಂದರು. ಅಮೆರಿಕದಲ್ಲಿ ಹೀಗಿಲ್ಲ. ಅಲ್ಲಿ ಎಷ್ಟೋ ಲಾ ಸ್ಕೂಲ್‌ಗಳು ಇಂಥ ಫೆಲೋಶಿಪ್ ಸಿಕ್ಕವರಿಗೆ ಸೀಟನ್ನು ಒಂದು ವರ್ಷ ಕಾದಿಡುತ್ತವೆ, ಅಲ್ಲಿನ ಎಂಟ್ರೆನ್ಸ್ ಆದ ಎಲ್‌ಸ್ಯಾಟ್ ಅಂಕವೂ ಐದು ವರ್ಷ ನಡೆಯುತ್ತದೆ. ನಮ್ಮಲ್ಲಿ ಎಂಟ್ರೆನ್ಸ್ ಅಂಕ ಆ ವರ್ಷಕ್ಕೆ ಮಾತ್ರ. ಸೇರಿಕೊಂಡು, ಹೆಸರು ಇಟ್ಟು ಹೋಗಿಬರೋಣ ಅಂದರೆ ಅದೂ ಇಲ್ಲ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ಶೇ 70 ಹಾಜರಾತಿ ಬೇಕೇ ಬೇಕು. ಇದೆಲ್ಲಕ್ಕಿಂತ ದೊಡ್ಡದು ಇನ್ನೊಂದು. ಮುಂದಿನ ವರ್ಷದ ಎಂಟ್ರೆನ್ಸ್ ನಡೆಯುವ ಹೊತ್ತಿಗೆ ನಾನು ಅಲ್ಲೇ ಇರುತ್ತೇನೆ, ಪರೀಕ್ಷಾ ಕೇಂದ್ರಗಳು ಇರುವುದು ಇಲ್ಲಿ. ಅಂದರೆ ಈ ಸೀಟು ಹೋದರೆ ಹೋಯಿತು. 2027ರಲ್ಲಿ ಬಂದ ಮೇಲೆ ನನಗೆ ಉಳಿಯುವುದು ಡಿಗ್ರಿ ಅಂಕದ ಮೇಲೆ ಸೇರಿಸಿಕೊಳ್ಳುವ, ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗಿನ ಕಾಲೇಜು. ಶಿವಮೊಗ್ಗದಲ್ಲೇ ಇದೆ.

ಲೆಕ್ಕ ಹಾಕಿದೆ. ಈಗಲೇ ಸೇರಿದರೆ 2029ಕ್ಕೆ ಡಿಗ್ರಿ. ತಡ ಮಾಡಿದರೆ 2030. ಆಮೇಲೆ ಸನ್ನದು, ಬಾರ್ ಪರೀಕ್ಷೆ. ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷ ವಕೀಲಿ ಮಾಡಿರಲೇಬೇಕು ಅಂತ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅದನ್ನೂ ಸೇರಿಸಿದರೆ 2033. ನನಗೆ ಈಗ 24.

ಹಾಗಾದರೆ ಫೆಲೋಶಿಪ್ ಬಿಡುವುದು ಸುಲಭ ಇರಬೇಕಿತ್ತು. ಇರಲಿಲ್ಲ. ಅದಕ್ಕೆ ಒಂದು ಹಳೆ ಕಾರಣ ಇದೆ.

ವಕೀಲರ ಆಫೀಸಿನಲ್ಲಿ ಅರಣ್ಯ ಕಾಯ್ದೆಗಳ ಹಿಂದೆ ಬಿದ್ದಾಗ ಒಂದು ಹೆಸರು ಸಿಕ್ಕಿತ್ತು. ಡೀಟ್ರಿಶ್ ಬ್ರಾಂಡಿಸ್. ಜರ್ಮನಿಯ ಬಾನ್ ಊರಿನವನು. 1864ರಲ್ಲಿ ಬ್ರಿಟಿಷ್ ಇಂಡಿಯಾದ ಮೊದಲ ಅರಣ್ಯ ಮುಖ್ಯಸ್ಥ ಆದವನು. ಅವನ ನಂತರ ಆ ಕುರ್ಚಿಯಲ್ಲಿ ಕೂತ ಶ್ಲಿಶ್, ರಿಬೆನ್‌ಟ್ರೋಪ್ ಕೂಡ ಜರ್ಮನಿಯವರೇ. ಕಾಡನ್ನು ಅಳೆದು, ಗೆರೆ ಹಾಕಿ, ಇದು ಸರ್ಕಾರದ್ದು ಅಂತ ಬರೆದಿಡುವ ಕಲೆಯನ್ನು ಇಲ್ಲಿಗೆ ತಂದವರು ಇವರು. ಆದರೆ ಬ್ರಾಂಡಿಸ್ ಹಳ್ಳಿಗಳಿಗೂ ಅವುಗಳದ್ದೇ ಕಾಡು ಇರಬೇಕು ಅಂತ ವಾದಿಸಿದ್ದ. 1878ರ ಕಾಯ್ದೆ ಬರುವ ಹೊತ್ತಿಗೆ ಎಲ್ಲವೂ ಸರ್ಕಾರದ್ದೇ ಅನ್ನುವವರ ಕೈ ಮೇಲಾಯಿತು. ಮೈಸೂರು ಸಂಸ್ಥಾನಕ್ಕೆ ಬೇರೆಯೇ ನಿಯಮ ಇತ್ತು, ನಿಜ. ಆದರೆ ಯೋಚನೆಯ ದಾರಿ ಅದೇ.

ಅವನ ದೇಶದಲ್ಲಿ ಏನಾಯಿತು? ಜರ್ಮನಿಯ ಕಾಡಿನಲ್ಲಿ ಹತ್ತಿರ ಹತ್ತಿರ ಅರ್ಧ ಖಾಸಗಿಯವರದ್ದು. ಸುಮಾರು ಐದರಲ್ಲಿ ಒಂದು ಪಾಲು ಊರು, ಪಟ್ಟಣ, ಸಂಘ-ಸಂಸ್ಥೆಗಳದ್ದು. ಫ್ರೈಬುರ್ಗ್ ನಗರಕ್ಕೇ 5000 ಹೆಕ್ಟೇರಿಗಿಂತ ಜಾಸ್ತಿ ಸ್ವಂತ ಕಾಡಿದೆ. ಊರಿನ ಕೌನ್ಸಿಲ್ ಕೂತು ಈ ವರ್ಷ ಎಷ್ಟು ಮರ ಕಡಿಯಬೇಕು, ಎಲ್ಲಿ ನೆಡಬೇಕು ಅಂತ ಮಾತಾಡುತ್ತದೆ. ಇದನ್ನು ಓದಿದ ದಿನ ನಾನು ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆ, ಎರಡು ಬಸ್ಸು ಬಿಟ್ಟುಬಿಟ್ಟೆ. ನಮ್ಮಲ್ಲಿ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟದಿಂದ ದರಕು, ಅಂದರೆ ಒಣ ಎಲೆ, ತಂದರೂ ಯಾರು ಏನು ಕೇಳುತ್ತಾರೋ ಅಂತ ನೋಡಬೇಕು. ಊರಿನ ಹೆಸರಿನಲ್ಲಿ ಕಾಡು ಇದ್ದೂ ಕಾಡು ಉಳಿಯುತ್ತದೆ ಅನ್ನುವುದನ್ನು ಕಣ್ಣಾರೆ ನೋಡಬೇಕು ಅಂತ ಆವತ್ತೇ ಹತ್ತಿದ ಆಸೆ ಇದು.

ಸಲಹೆ ಕೊಟ್ಟವರು ತುಂಬ ಜನ. ಚಿಕ್ಕಮ್ಮ ಬೆಂಗಳೂರಿನ ಸೀಟು ಬಿಡಬೇಡ ಅಂದರು. ದೊಡ್ಡಪ್ಪನಿಗೆ ನನ್ನ ಮದುವೆಯ ಚಿಂತೆ. ಗೆಳತಿಯರೆಲ್ಲ ವಿದೇಶ ಅಂದ ಕೂಡಲೇ ಹೋಗು ಹೋಗು ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಆದರೆ ಯಾವುದೂ ನನ್ನ ಪ್ರಶ್ನೆಗೆ ಉತ್ತರ ಆಗಿರಲಿಲ್ಲ.

ಜುಲೈ ಎರಡನೇ ವಾರ ಒಂದು ದಿನ ಮಳೆ ಹೊಳವು ಕೊಟ್ಟಿತು. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವವರು ಬಂದಿದ್ದರು. ಅಪ್ಪ ಡ್ರಮ್ಮಿನ ಹತ್ತಿರ ಆ ಔಷಧಿ, ಬೋರ್ಡೋ ದ್ರಾವಣ, ಕಲಸುತ್ತಿದ್ದರು. ನೂರು ಲೀಟರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ. ನಾನು ಕೋಲಿನಿಂದ ತಿರುಗಿಸುತ್ತಿದ್ದೆ. ಅಪ್ಪ ಯಾವಾಗಲೂ ಮಾಡುವ ಹಾಗೆ ಕತ್ತಿಯ ತುದಿಯನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿದು ಎತ್ತಿ ನೋಡಿದರು. ತುದಿಯಲ್ಲಿ ತಾಮ್ರದ ಕೆಂಪು ಹತ್ತಿತ್ತು. ಸುಣ್ಣ ಸಾಲದು ಅಂತ ಅರ್ಥ, ಹಾಗೇ ಹೊಡೆದರೆ ಗೊನೆ ಸುಡುತ್ತದೆ. ಇನ್ನೊಂದು ಬೊಗಸೆ ಸುಣ್ಣದ ತಿಳಿ ಹಾಕಿ, ಕತ್ತಿ ಒರೆಸಿ, ಮತ್ತೆ ಅದ್ದಿದರು. ಅಡಿಕೆ ಮರ ಹತ್ತುವ ಕೊನೆಗೌಡ ದೋಟಿ ಹಿಡಿದು ಕಾಯುತ್ತಲೇ ಇದ್ದ. ಮೋಡ ಬೇರೆ ಕಟ್ಟುತ್ತಿತ್ತು. ಅಪ್ಪ ಅವಸರ ಮಾಡಲಿಲ್ಲ.

ಕತ್ತಿ ನೋಡುತ್ತಲೇ ಕೇಳಿದರು, "ಎಂತ ಮಾಡಿದೆ ಆ ಜರ್ಮನಿದು?"

"ಬಿಡ್ತೀನಿ ಅಪ್ಪ. ಲಾ ಸೇರ್ತೀನಿ."

"ಯಾಕೆ?"

"ನಮ್ಮ ಫೈಲು ಇದೆಯಲ್ಲ. ನಿಮಗೂ ವಯಸ್ಸಾಯ್ತು. ಅಜ್ಜನ ಕಾಲದಿಂದ..."

ಅಪ್ಪ ನನ್ನ ಮುಖ ನೋಡಿದರು. "ಫೈಲಿನಲ್ಲಿ ಎಂತ ಇದೆ ಅಂತ ನೀನು ಪೂರ್ತಿ ಓದಿದ್ಯನೇ?" ಅಂದರು. ಬೈಯುವ ದನಿ ಅಲ್ಲ ಅದು, ನಿಜಕ್ಕೂ ಕೇಳಿದ್ದು.

ನಾನು ಓದಿರಲಿಲ್ಲ. ಊರಿನವರ ಎಷ್ಟೋ ಅರ್ಜಿ ತುಂಬಿದ್ದೇನೆ, ನಮ್ಮದೇ ಫೈಲನ್ನು ಮೊದಲ ಹಾಳೆಯಿಂದ ಕೊನೆಯ ಹಾಳೆ ತನಕ ಒಮ್ಮೆಯೂ ಓದಿರಲಿಲ್ಲ.

ಆ ರಾತ್ರಿ ಇಳಿಸಿದೆ. ಮಳೆಗಾಲದಲ್ಲಿ ಬೂಸ್ಟು ಹಿಡಿಯಬಾರದು ಅಂತ ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇವೆ. ಹಾಳೆಗಳೆಲ್ಲ ಹೊಗೆ ಹಿಡಿದು ಕಂದು ಬಣ್ಣ, ಒಣ ಮೀನಿನ ಹಾಗೆ ಒಂಥರಾ ವಾಸನೆ. ಕೆಳಗೆ ಅಜ್ಜನ ಅರ್ಜಿಗಳು, ಮೇಲೆ ಅಪ್ಪನವು. ಅಜ್ಜನ ಸಹಿ ಮೊದಲ ಅರ್ಜಿಯಲ್ಲಿ ಗಟ್ಟಿಯಾಗಿ, ಒತ್ತಿ ಬರೆದದ್ದು. ಆಮೇಲೆ ಆಮೇಲೆ ಅಕ್ಷರ ನಡುಗುತ್ತಾ ಹೋಗುತ್ತದೆ. ಕೊನೆಯ ಎರಡರಲ್ಲಿ ಹೆಬ್ಬೆಟ್ಟು. ಓದು ಬರುತ್ತಿದ್ದ ಮನುಷ್ಯ ಹೆಬ್ಬೆಟ್ಟು ಒತ್ತಿದ್ದಾರೆ. ಅಲ್ಲಿ ಸ್ವಲ್ಪ ಹೊತ್ತು ಮುಂದೆ ಓದಲು ಆಗಲಿಲ್ಲ.

ಓದಿ ಮುಗಿಸುವಾಗ ರಾತ್ರಿ ಎರಡು ಗಂಟೆ. ನಮ್ಮ ಫೈಲು ನಿಂತಿರುವುದು ವಕೀಲರು ಇಲ್ಲದೆ ಅಲ್ಲ. ವಕೀಲರು ಇದ್ದಾರೆ, ಒಳ್ಳೆಯವರೇ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಾಕಿದ ಅರ್ಜಿ ನಿಲ್ಲಲಿಲ್ಲ, ಯಾಕೆಂದರೆ ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದುದಕ್ಕೆ ದಾಖಲೆ ಕೊಡಬೇಕು. ನಾವು ಇಲ್ಲಿಗೆ ಬಂದದ್ದೇ 1960ರ ದಶಕದಲ್ಲಿ. ಅದಕ್ಕೂ ಹಿಂದಿನ ಮನೆ ನೀರಿನಡಿ ಇದೆ. ಮುಳುಗಡೆಯವರಿಗಾಗಿ ಅರಣ್ಯದಿಂದ ಜಮೀನು ಬಿಡಿಸಿದ ಆದೇಶ 2021ರಲ್ಲಿ ಹೈಕೋರ್ಟಿನ ಮುಂದೆ ನಿಲ್ಲಲಿಲ್ಲ, 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಂತೆ ಕೇಂದ್ರದ ಅನುಮತಿ ಮೊದಲೇ ಬೇಕಿತ್ತು. ಇದು ಒಬ್ಬ ಹುಡುಗಿ ಕರಿ ಕೋಟು ಹಾಕಿದ ದಿನ ಬಿಡುವ ಗಂಟಲ್ಲ. ನಾನು 2029ಕ್ಕೆ ವಕೀಲೆ ಆದರೂ, 2030ಕ್ಕೆ ಆದರೂ, ಈ ಫೈಲು ಆ ಒಂದು ವರ್ಷವನ್ನು ಗಮನಿಸುವುದೂ ಇಲ್ಲ.

ಇಷ್ಟು ದಿನ ನಾನು ಅವಸರ ಮಾಡುತ್ತಿದ್ದದ್ದು ಫೈಲಿಗೋಸ್ಕರ ಅಲ್ಲ, ಅಜ್ಜನಿಗೋಸ್ಕರ. ಅವರು ಹೋಗಿ ಆರು ವರ್ಷ ಆಯಿತು.

ಮಾರನೇ ದಿನ ನಮ್ಮ ವಕೀಲರಿಗೂ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು, "ನೋಡು ಮಗಾ, ಊರಿಗೆ ಕಾಡಿನ ಮೇಲೆ ಹಕ್ಕು ಕೊಟ್ರೆ ಕಾಡು ಹಾಳಾಗುತ್ತೆ ಅಂತ ಎದುರಿನವರು ಪ್ರತಿ ಸಲ ಹೇಳ್ತಾರೆ. ಅದಕ್ಕೆ ನನ್ನ ಹತ್ರ ಬಾಯಿಮಾತು ಇದೆ, ನೋಡಿ ಬಂದವರು ಇಲ್ಲ" ಅಂದರು. ಹೋಗು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ನನಗೆ ಅಷ್ಟು ಸಾಕಾಯಿತು.

ಅಲ್ಲಿಗೂ ಇಲ್ಲಿಗೂ ತುಂಬ ವ್ಯತ್ಯಾಸ ಇದೆ ಅಂತ ಗೊತ್ತು. ಅವರ ಕಾಡಿನಲ್ಲಿ ನೆಟ್ಟು ಬೆಳೆಸಿದ್ದು ತುಂಬ ಇದೆ, ನಮ್ಮದು ಕಾನು, ಅಂದರೆ ತಾನಾಗಿಯೇ ಬೆಳೆದ ನಿತ್ಯಹಸಿರು ಕಾಡು. ಅಲ್ಲಿನದನ್ನು ತಂದು ಇಲ್ಲಿ ಅಂಟಿಸಲು ಆಗುವುದಿಲ್ಲ. ಆದರೂ ಜಮೀನಿನ ದಾಖಲೆಯಲ್ಲಿ ಒಂದು ಊರಿನ ಹೆಸರು ಕಾಡಿನ ಒಡೆಯ ಅಂತ ಬರೆದಿರುವ ಹಾಳೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು.

ಬಿಟ್ಟದ್ದು ಏನು ಅಂತಲೂ ಹೇಳಬೇಕು, ಇಲ್ಲದಿದ್ದರೆ ಇದು ಪೂರ್ತಿ ಆಗುವುದಿಲ್ಲ. ಬೆಂಗಳೂರಿನ ಸೀಟು ಹೋಯಿತು. ಅದಕ್ಕಾಗಿ ಒಂದೂವರೆ ವರ್ಷ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಓದಿದ್ದೇನೆ. ಬೇಡ ಅಂತ ಮೇಲ್ ಬರೆದು ಕಳಿಸುವಾಗ ಅತ್ತುಬಿಟ್ಟೆ. ದೊಡ್ಡ ಕಾಲೇಜಿನ ಹೆಸರಿನಿಂದ ಸಿಗುವ ಅನುಕೂಲ ನಿಜವಾದದ್ದೇ, ಅದನ್ನು ಸಣ್ಣದು ಮಾಡುವುದಿಲ್ಲ. ಶಿವಮೊಗ್ಗದಲ್ಲಿ ಓದಿದರೆ ಸಿಗುವುದು ಬೇರೆ. ಪರೀಕ್ಷೆ ಕನ್ನಡದಲ್ಲೂ ಬರೆಯಬಹುದು, ರಜೆಯಲ್ಲಿ ಸಾಗರದ ಕೋರ್ಟಿಗೆ ವಕೀಲರ ಜೊತೆ ಹೋಗಬಹುದು, ಮನೆಗೆ ಬಂದು ಹೋಗಿ ಮಾಡಬಹುದು. ಹಾಗಂತ ಎರಡೂ ಸಮ ಅಂತ ನಾನು ಹೇಳುತ್ತಿಲ್ಲ. ದುಡ್ಡಿನ ವಿಷಯ, ಸ್ಟೈಪೆಂಡ್ ನನ್ನೊಬ್ಬಳಿಗೆ ಸಾಕು, ಮನೆಗೆ ಕಳಿಸುವಷ್ಟು ಉಳಿಯುವುದಿಲ್ಲ. ಎಲೆಚುಕ್ಕಿ ರೋಗ ಬಂದ ಮೇಲೆ ತೋಟದ ಆದಾಯ ಮೊದಲಿನಂತಿಲ್ಲ, ನನ್ನ ತಿಂಗಳ ಹನ್ನೆರಡು ಸಾವಿರವೂ ನಿಲ್ಲುತ್ತದೆ. ಅಮ್ಮ ಇದನ್ನೆಲ್ಲ ಬೆರಳು ಮಡಚಿ ಲೆಕ್ಕ ಹಾಕಿ, "ಆಯ್ತು, ನೋಡೋಣ" ಅಂದಳು. ಆ "ನೋಡೋಣ"ದ ಭಾರ ನನಗೆ ಗೊತ್ತಿದೆ.

ಈಗ ಸಾಗರದ ಆಫೀಸಿನಿಂದ ಬಂದ ಮೇಲೆ ದಿನಾ ಒಂದು ಗಂಟೆ ಜರ್ಮನ್ ಕಲಿಯುತ್ತಿದ್ದೇನೆ. ವೀಸಾಕ್ಕೆ ಬೆಂಗಳೂರಿಗೆ ಹೋಗಬೇಕು, ಕಾಗದ ಜೋಡಿಸುತ್ತಾ ಇದ್ದೇನೆ.

ಅಪ್ಪನ ಮುಂದಿನ ವಾಯ್ದೆ ನವೆಂಬರಿನಲ್ಲಿ. ಆಗ ನಾನು ಇರುವುದಿಲ್ಲ. ನಿನ್ನೆ ರಾತ್ರಿ ತಮ್ಮನನ್ನು ಕೂರಿಸಿಕೊಂಡು ಫೈಲು ಬಿಚ್ಚಿದೆ. ಯಾವ ಹಾಳೆ ಯಾವುದರದ್ದು, ನಕಲು ಎಲ್ಲಿ, ಮೂಲ ಎಲ್ಲಿ, ಸ್ವೀಕೃತಿ ಚೀಟಿ ಕೇಳಿದರೆ ಯಾವುದನ್ನು ತೋರಿಸಬೇಕು ಅಂತ ಹೇಳಿಕೊಟ್ಟೆ. ಎಲ್ಲದಕ್ಕೂ ನಂಬರ್ ಹಾಕಿದೆವು, ಒಟ್ಟು 143 ಹಾಳೆ. ಅಜ್ಜನ ಮೊದಲ ಸಹಿ ಇರುವ ಹಾಳೆ ಬಂದಾಗ ಅವನು, "ಇದು ಅಜ್ಜನ ಅಕ್ಷರವಾ?" ಅಂತ ಕೇಳಿ, ದೀಪದ ಹತ್ತಿರ ಹಿಡಿದು ನೋಡಿ, ಒಂದನೇ ನಂಬರ್ ಅವನೇ ಬರೆದ.