“ಲೆಕ್ಕದಾಗ ಇನ್ನೇನು ಉಳಿದದ?” ಅನ್ನುವವರಿಗೆ

ಊರಿಗೆ ಬಂದಾಗಲೆಲ್ಲ ಇದೇ ಪ್ರಶ್ನೆ: “ಲೆಕ್ಕದಾಗ ಇನ್ನೇನು ಉಳಿದದ ಅಂತ ಸಂಶೋಧನೆ ಮಾಡ್ತೀಯವ್ವಾ?” ನನ್ನ ಸಂಶೋಧನೆ ಬೀಜಗಣಿತದಲ್ಲಿ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಬರೆದಿಡುತ್ತೇನೆ, ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುವೆ.

ಹೋದ ಬೇಸಿಗೆಯಲ್ಲಿ ರಾಯಚೂರಿನಲ್ಲಿ ಚಿಕ್ಕಮ್ಮನ ಮಗಳ ಮದುವೆ. ಗಂಜ್‌ನಲ್ಲಿ ಹತ್ತಿ ವ್ಯಾಪಾರ ಮಾಡುವ ಮಾವ ಪಂಕ್ತಿಯಲ್ಲಿ ಎದುರಿಗೇ ಕೂತು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ, “ಮುಂದ ಲೆಕ್ಚರರ್ ಆಗ್ತಾಳ” ಅಂದಳು. ಮಾವನಿಗೆ ಸಮಾಧಾನವಾಯಿತು, ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ನನಗೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಕೆಲಸವೇನೆಂದು ಕೇಳಿದವರಿಗೆ ನೌಕರಿಯ ಹೆಸರೇ ಸಾಕಾಯಿತೆಂದರೆ, ಅವರು ಕೇಳಿದ್ದು ಕೆಲಸವನ್ನಲ್ಲ.

ಉಪಯೋಗ ಬೇಕೆನ್ನುವವರಿಗೆ ಗಣಿತಜ್ಞ ಡೇವಿಡ್ ರೀಸ್ ಹೆಸರು ಹೇಳಬಹುದಿತ್ತು. ಎರಡನೇ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕ್‌ನಲ್ಲಿ ಜರ್ಮನರ ಎನಿಗ್ಮಾ ಸಂಕೇತ ಬಿಡಿಸಿದವರಲ್ಲಿ ಅವರೂ ಒಬ್ಬರು. ಆದರೆ ನಾನು ಹಿಡಿದಿರುವ ದಾರಿ ಶುರುವಾದದ್ದು 1954ರಲ್ಲಿ ಅವರೂ ಇನ್ನೊಬ್ಬ ಗಣಿತಜ್ಞ ನಾರ್ತ್‌ಕಾಟ್ ಅವರೂ ಸೇರಿ ಬರೆದ ಲೇಖನದಿಂದ. ಅದಕ್ಕೂ ಯುದ್ಧಕ್ಕೂ ಸಂಬಂಧವಿಲ್ಲ. ಇಲ್ಲದ ಆಸರೆ ನನಗೆ ಬೇಡ.

ಆ ಲೇಖನದ ವಿಷಯ ಐಡಿಯಲ್‌ಗಳ ರಿಡಕ್ಷನ್. ಅ, ಬ ಎಂಬ ಎರಡು ಚರಾಕ್ಷರಗಳ ಕೆಲವು ಪದಗಳನ್ನು ಯಾವ ಬಹುಪದಿಯಿಂದಲಾದರೂ ಗುಣಿಸಿ, ಕೂಡಿಸಿದರೆ ಸಿಗುವ ಎಲ್ಲದರ ಗುಂಪೇ ಅವುಗಳಿಂದ ಹುಟ್ಟುವ ಐಡಿಯಲ್. ಅ², ಅಬ, ಬ² ಈ ಮೂರರಿಂದ ಹುಟ್ಟುವ ಐಡಿಯಲ್ ತೆಗೆದುಕೊಳ್ಳಿ. ಅದರೊಳಗೆ ಅ², ಬ² ಎರಡರಿಂದಲೇ ಹುಟ್ಟುವ ಚಿಕ್ಕದೊಂದಿದೆ. ಅಬ ಅದರಲ್ಲಿಲ್ಲ. ಈಗ ದೊಡ್ಡದನ್ನು ಅದರಿಂದಲೇ ಗುಣಿಸಿ: ಅಬ ಗುಣಿಸು ಅಬ ಎಂದರೆ ಅ²ಬ², ಅದು ಅ² ಗುಣಿಸು ಬ² ಕೂಡ ಹೌದು. ಅಂದರೆ ದೊಡ್ಡದನ್ನು ಚಿಕ್ಕದರಿಂದ ಗುಣಿಸಿದರೂ ಸಿಗುವುದು ಅಷ್ಟೇ, ಏನೂ ಕಡಿಮೆಯಾಗುವುದಿಲ್ಲ. ಹೀಗೆ ದೊಡ್ಡದರ ಬದಲು ನಿಲ್ಲುವ ಚಿಕ್ಕದೇ ರಿಡಕ್ಷನ್. ಚಿಕ್ಕದರಿಂದ ಗುಣಿಸುವ ಮುನ್ನ ದೊಡ್ಡದರ ಎಷ್ಟನೇ ಘಾತಕ್ಕೆ ಹೋಗಬೇಕೋ ಅಷ್ಟು ಹೆಜ್ಜೆ. ಇಲ್ಲಿ ಒಂದೇ ಹೆಜ್ಜೆ ಸಾಕಾಯಿತು. ಈ ಒಂದಕ್ಕೆ ರಿಡಕ್ಷನ್ ನಂಬರ್ ಅನ್ನುತ್ತಾರೆ.

ಮಾವ ಕೇಳಬೇಕಿದ್ದದ್ದು ಇದನ್ನು: “ಎಷ್ಟು ಹೆಜ್ಜೆ ಬೇಕಂತ ಗುಣಿಸದಾನೇ ಹೆಂಗ ಹೇಳ್ತೀ?” ಹತ್ತಿಯ ಅಂಡಿಗೆ ಬಿಚ್ಚದೆ ಒಂದು ಹಿಡಿ ಎಳೆದು ನೋಡಿ ದರ ಹೇಳುವವರಿಗೆ ಈ ಪ್ರಶ್ನೆ ಹೊಳೆಯದೇ ಹೋದದ್ದು ನನಗೆ ಇವತ್ತಿಗೂ ಬೇಸರ.

ಹೇಳಬಹುದು. ಗಣಿತಜ್ಞ ಗ್ರೋಥೆಂಡಿಕ್ 1961ರಲ್ಲಿ ಹಾರ್ವರ್ಡ್‌ನಲ್ಲಿ ಪಾಠ ಮಾಡಿದ ಲೋಕಲ್ ಕೊಹೊಮಾಲಜಿಯಿಂದ. ರಿಂಗ್ ಎಂದರೆ ಒಳಗೇ ಕೂಡಿಸಿ, ಕಳೆದು, ಗುಣಿಸಬಹುದಾದ ಗುಂಪು; ಅದರಿಂದ ಸೊನ್ನೆಯನೇದು, ಒಂದನೇದು, ಎರಡನೇದು ಎಂದು ಹಂತಹಂತವಾಗಿ ಹುಟ್ಟುವ ಗುಂಪುಗಳೇ ಈ ಕೊಹೊಮಾಲಜಿಗಳು. ಅ², ಅಬ, ಬ² ಮೂರೂ ಸೇರಿ ಆಗುವ ರಿಂಗಿನ ಆಯಾಮ 2. ಅದರ ಎರಡನೇ ಕೊಹೊಮಾಲಜಿಯಲ್ಲಿ ಅ, ಬ ಎರಡರ ಘಾತಗಳೂ ಋಣ. ಎಲ್ಲಕ್ಕಿಂತ ಮೇಲಿರುವುದು ಅ⁻¹ಬ⁻¹, ಅ², ಅಬ, ಬ² ಒಂದೊಂದಕ್ಕೂ ದರ್ಜೆ 1 ಎಂದಿಡುವ ಈ ರಿಂಗಿನ ಅಳತೆಯಲ್ಲಿ ಅದರ ದರ್ಜೆ −1. ಅದಕ್ಕೆ ಆಯಾಮ ಕೂಡಿಸಿ: −1 + 2 = 1. ಗುಣಿಸದೆಯೇ ಅದೇ ಒಂದು ಬಂತು.

ಇದು ಕೋಹೆನ್-ಮೆಕಾಲೆ ರಿಂಗ್, ಅಂದರೆ ಆಯಾಮಕ್ಕಿಂತ ಕೆಳಗಿನ ಕೊಹೊಮಾಲಜಿಗಳೆಲ್ಲ ಸೊನ್ನೆ, ಅದಕ್ಕೇ ಲೆಕ್ಕ ಸರಿಯಾಗಿ ಕೂತಿತು. ಅವು ಸೊನ್ನೆಯಾಗದ ಕಡೆ ವಿಯೆಟ್ನಾಮಿನ ಗಣಿತಜ್ಞ ಎನ್‌ಗೋ ವಿಯೆಟ್ ತ್ರುಂಗ್ ತೋರಿಸಿದ ಎರಡು ಗಡಿಗಳು ಮಾತ್ರ ಕೈಯಲ್ಲಿರುತ್ತವೆ, ಒಂದು ಕೆಳಗೆ, ಒಂದು ಮೇಲೆ. ನಿಜವಾದ ಸಂಖ್ಯೆ ನಡುವೆ ಎಲ್ಲೋ ಇರುತ್ತದೆ. ಉಳಿದದ್ದು ಅದು, ಮಾವಾ.