ಜಾಕಿ ಎಲ್ಲಿ ಕೊಡಬೇಕು ಅನ್ನೋದೇ ಪ್ರಶ್ನೆ

ನಮ್ಮ ಪಿಕಪ್‌ನ ಮುಂದಿನ ಬಲಗಡೆ ಚಕ್ರದ ಹತ್ತಿರ 'ಟಕ್' ಅಂತ ಶಬ್ದ ಶುರುವಾಗಿದ್ದು ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ. ಹಂಪ್ ಹತ್ತಿ ಇಳಿಯುವಾಗ ಒಂದು ಸಲ, ಸ್ಟೇರಿಂಗ್ ಪೂರ್ತಿ ಮುರಿದು ರಿವರ್ಸ್ ತೆಗೆಯುವಾಗ ಇನ್ನೊಂದು ಸಲ. ಲೋಡ್ ಇದ್ದಾಗ ಅಷ್ಟು ಗೊತ್ತಾಗುತ್ತಿರಲಿಲ್ಲ, ಖಾಲಿ ಗಾಡಿ ಮಣ್ಣುರಸ್ತೆಯಲ್ಲಿ ಕುಣಿಯುವಾಗ ಜಾಸ್ತಿ.

ಗಾಡಿ ವಿಷಯದಲ್ಲಿ ಊರಲ್ಲಿ ಎಲ್ಲರೂ ಡಾಕ್ಟರೇ. ಒಬ್ಬ ಶಾಕ್ ಅಬ್ಸಾರ್ಬರ್ ಅಂದ. ಇನ್ನೊಬ್ಬ ಸ್ಟೆಬಿಲೈಸರ್ ಬುಶ್ ಅಂದ. ಹಾಲಿನ ಡೈರಿ ಎದುರು ಸಿಕ್ಕ ಹಿರಿಯರೊಬ್ಬರು ಗಾಡಿ ಹತ್ತದೇನೇ "ಟೈ ರಾಡ್ ಎಂಡ್ ಮಾರಾಯ, ನೋಡೋದೇ ಬೇಡ" ಅಂತ, ಸ್ಟೇರಿಂಗಿನಿಂದ ಚಕ್ರಕ್ಕೆ ಬರುವ ಸರಳಿನ ತುದಿಯ ಮೇಲೆ ತೀರ್ಪು ಕೊಟ್ಟರು. ಪೇಟೆಯ ಒಂದು ಗ್ಯಾರೇಜಿನವರು ಇದರಲ್ಲಿ ಮೊದಲಿನ ಎರಡನ್ನೂ ಬದಲಾಯಿಸಿ ಬಿಲ್ಲು ಕೈಗಿಟ್ಟರು. ಅವರ ಗೇಟು ದಾಟುವ ಮೊದಲೇ ಮತ್ತೆ 'ಟಕ್'. ತಿರುಗಿಸಿಕೊಂಡು ಹೋಗಿ ಕೇಳಿದರೆ "ಹೊಸ ಬುಶ್ ಅಲ್ವಾ, ಸ್ವಲ್ಪ ದಿನ ಸೆಟ್ ಆಗ್ಬೇಕು" ಅಂದರು. ಬುಶ್ ಹೊಸದಿರಬಹುದು, ಶಬ್ದ ಹಳೇದೇ ಇತ್ತಲ್ಲ.

ಅಷ್ಟರಲ್ಲಿ ಆ ಚಕ್ರದ ಟೈರು ಒಳಗಡೆ ಅಂಚಿನಲ್ಲಿ ನುಣ್ಣಗಾಗಿತ್ತು. ಹೊರಗಿನಿಂದ ನೋಡಿದರೆ ಗೊತ್ತೇ ಆಗುತ್ತಿರಲಿಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಲ್ಲಿಸಿದ್ದೆ, ಗೊಬ್ಬರ ಇಳಿಸಿ ಮುಂದೆ ಬಂದಾಗ ಕಣ್ಣಿಗೆ ಬಿತ್ತು. ವಾರ ಕಳೆದರೆ ಬಾಳೆಗೊನೆ ತುಂಬಿಕೊಂಡು ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಬೇಕಿತ್ತು. ಆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಒಂದೊಂದರಲ್ಲೂ ಸ್ಟೇರಿಂಗ್ ಪೂರ್ತಿ ಮುರಿಯಬೇಕು, ಇಡೀ ಭಾರ ಮುಂದಿನ ಚಕ್ರದ ಮೇಲೆ. ಅಪ್ಪಯ್ಯ ಟೈರು ನೋಡಿ "ಇದನ್ನ ಹಿಡ್ಕೊಂಡು ಘಾಟಿ ಇಳಿಯೋದು ಬೇಡ" ಅಂದರು, ಮುಂದೆ ಮಾತಿಲ್ಲ.

ತೀರ್ಥಹಳ್ಳಿ ಕಡೆ ನಮಗೆ ಗೊತ್ತಿರುವ ಮೇಸ್ತ್ರಿಯೊಬ್ಬರಿದ್ದಾರೆ. ಬೋರ್ಡಿಲ್ಲ, ಲಿಫ್ಟ್ ಇಲ್ಲ, ಮನೆ ಪಕ್ಕ ಒಂದು ತಗಡಿನ ಶೆಡ್ಡು. ಅವರು ಶಬ್ದ ಕೇಳೋಕೆ ರೌಂಡ್ ಹೊಡೆಯಲೇ ಇಲ್ಲ. ಮೊದಲು ಕೇಳಿದ್ದು "ಅವರು ಜಾಕಿ ಎಲ್ಲಿ ಕೊಟ್ಟಿದ್ರು?" ಅಂತ. ಚಾಸಿಗೆ, ಗಾಡಿಯ ಅಡಿಯ ಚೌಕಟ್ಟಿಗೆ, ಅಂದೆ. "ಹಾಗಾದ್ರೆ ಜನ್ಮದಲ್ಲಿ ಸಿಗಲ್ಲ" ಅಂದರು.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ನಮ್ಮ ಗಾಡಿಗೆ ಮುಂದೆ ಲೀಫ್ ಪ್ಲೇಟು ಇಲ್ಲ. ಚಾಸಿಯಿಂದ ಚಕ್ರದ ಕಡೆಗೆ ಚಾಚಿದ ತೋಳಿನ ಹಾಗೆ ಮೇಲೊಂದು ಆರ್ಮ್, ಕೆಳಗೊಂದು ಆರ್ಮ್, ಕೆಳಗಿನದಕ್ಕೆ ಟಾರ್ಷನ್ ಬಾರ್. ಅಂದರೆ ಚಾಸಿ ಉದ್ದಕ್ಕೆ ಹೋಗುವ ಒಂದು ಉಕ್ಕಿನ ಸರಳು, ಅದು ತಿರುಚಿಕೊಂಡೇ ಸ್ಪ್ರಿಂಗ್ ಕೆಲಸ ಮಾಡುತ್ತೆ. ಎರಡು ಆರ್ಮ್‌ಗಳ ತುದಿಗೂ ಚಕ್ರ ಹಿಡಿದಿರುವ ಸ್ಟಬ್ ಆಕ್ಸಲ್‌ಗೂ ನಡುವೆ ಒಂದೊಂದು ಬಾಲ್ ಜಾಯಿಂಟ್. ಚಕ್ರ ಮೇಲೆ ಕೆಳಗೆ ಆಡುವುದೂ ಎಡಕ್ಕೆ ಬಲಕ್ಕೆ ತಿರುಗುವುದೂ ಆ ಗುಂಡಿನ ಮೇಲೆಯೇ. ಸ್ಪ್ರಿಂಗ್ ಕೂತಿರುವುದು ಕೆಳಗಿನ ಆರ್ಮ್ ಮೇಲೆ ಆದ್ದರಿಂದ ಗಾಡಿಯ ಭಾರ ಹೊರುವುದು ಕೆಳಗಿನ ಜಾಯಿಂಟ್, ಮೇಲಿನದು ಸುಮ್ನೆ ದಾರಿ ತೋರಿಸುತ್ತೆ ಅಷ್ಟೆ. ಈಗ ಚಾಸಿಗೆ ಜಾಕಿ ಕೊಟ್ಟು ಎತ್ತಿದರೆ ಏನಾಗುತ್ತೆ? ಚಕ್ರ ಗಾಳಿಯಲ್ಲಿ ನೇತಾಡುತ್ತೆ, ಆದರೆ ಟಾರ್ಷನ್ ಬಾರ್ ಕೆಳಗಿನ ಆರ್ಮನ್ನು ಇನ್ನೂ ಕೆಳಕ್ಕೆ ದಬ್ಬುತ್ತಲೇ ಇರುತ್ತೆ. ಆ ಒತ್ತಡದಲ್ಲಿ ಸವೆದ ಜಾಯಿಂಟೂ ಬಿಗಿಯಾಗಿ ಕೂತಿರುತ್ತೆ. ಅಲ್ಲಾಡಿಸಿದರೂ ಪ್ಲೇ, ಅಂದರೆ ಸಡಿಲ, ಕಾಣಲ್ಲ. ಜಾಕಿಯನ್ನು ಕೆಳಗಿನ ಆರ್ಮ್‌ಗೇ, ಜಾಯಿಂಟಿಗೆ ಆದಷ್ಟು ಹತ್ತಿರ ಕೊಟ್ಟರೆ ಸ್ಪ್ರಿಂಗಿನ ಒತ್ತಡವನ್ನು ಜಾಕಿ ಹೊರುತ್ತೆ, ಜಾಯಿಂಟ್ ಹಗುರಾಗುತ್ತೆ. ಆಗ ಬಣ್ಣ ಬಯಲು.

ಹಾಗೇ ಆಯಿತು. ಆರ್ಮ್‌ಗೆ ಜಾಕಿ ಕೊಟ್ಟು ಚಕ್ರ ನೆಲದಿಂದ ನಾಲ್ಕು ಬೆರಳು ಮೇಲೆ ಎತ್ತಿ, ಟೈರಿನ ಅಡಿಗೆ ತೋಟದ ಹಾರೆ ಹಾಕಿ ನನ್ನ ಕೈಗೆ ಕೊಟ್ಟರು. ಮೆಲ್ಲಗೆ ಮೀಟಿದೆ. ಚಕ್ರ ಸುಮಾರು ಅರ್ಧ ಬೆರಳಷ್ಟು ಮೇಲೆ ಹೋಗಿ 'ಟಕ್' ಅಂದಿತು. ಅದೇ ಶಬ್ದ! ಮೇಸ್ತ್ರಿ ಬ್ಯಾಟರಿ ಬಿಟ್ಟು ತೋರಿಸಿದರು: ಆರ್ಮ್ ಅಲ್ಲಾಡುತ್ತಿಲ್ಲ, ಸ್ಟಬ್ ಆಕ್ಸಲ್ ಮಾತ್ರ ಎದ್ದು ಕೂರುತ್ತಿದೆ. ಆಮೇಲೆ ಬೇರಿಂಗ್ ಕೂಡ ಇರಬಹುದಾ ಅಂತ ಅನುಮಾನ ಕಳೆಯೋಕೆ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸುತ್ತಾ ನನಗೆ ಬ್ರೇಕ್ ತುಳಿಯೋಕೆ ಹೇಳಿದರು. ಬ್ರೇಕ್ ತುಳಿದಾಗ ಪ್ಲೇ ಮಾಯವಾದರೆ ಬೇರಿಂಗು, ಹಾಗೇ ಉಳಿದರೆ ಜಾಯಿಂಟು. ಉಳಿಯಿತು. ಎಡಕ್ಕೆ ಬಲಕ್ಕೆ ಹಿಡಿದು ಅಲ್ಲಾಡಿಸಿದರೆ ಏನೂ ಇಲ್ಲ, ಅಲ್ಲಿಗೆ ಡೈರಿ ಎದುರಿನವರ ಟೈ ರಾಡ್ ಎಂಡೂ ಖುಲಾಸೆ.

ಜಾಯಿಂಟು ಶಿವಮೊಗ್ಗದಿಂದ ತರಿಸಿದೆ. ಅಂಗಡಿಯವರು ಎರಡು ರೇಟು ಹೇಳಿದರು, ಒಂದು ಇನ್ನೊಂದರ ಅರ್ಧಕ್ಕಿಂತ ಕಮ್ಮಿ. ಬುಶ್ಶು, ವೈಪರ್ ಬ್ಲೇಡು ಇಂಥದ್ದರಲ್ಲಿ ಕಮ್ಮಿದು ತಗೊಂಡರೂ ನಡೆಯುತ್ತೆ. ಇದು ಕಳಚಿಕೊಂಡರೆ ಚಕ್ರ ಹೊರಕ್ಕೆ ಮಗುಚಿ ಗಾಡಿ ಮೂತಿ ನೆಲಕ್ಕೆ ಬಡಿಯುತ್ತೆ. ಜಾಸ್ತಿದನ್ನೇ ತಗೊಂಡೆ.

ಬದಲಾಯಿಸುವ ದಿನ ನಾನೇ ಹೆಲ್ಪರ್. ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟಿದ್ದೆ. ಹಿಂದಿನ ಚಕ್ರಕ್ಕೆ ಕಲ್ಲು, ಚಾಸಿಗೆ ಸ್ಟ್ಯಾಂಡು. ಅದರ ಪಕ್ಕ ಒಂದು ದಪ್ಪ ಮರದ ತುಂಡು, "ಜಾಕಿ ನಂಬ್ಕೊಂಡು ಅಡಿಗೆ ಹೋದವರು ಎದ್ದು ಬಂದಿಲ್ಲ" ಅಂತ ಮೇಸ್ತ್ರಿ. ಟಾರ್ಷನ್ ಬಾರಿನ ಅಡ್ಜಸ್ಟಿಂಗ್ ಬೋಲ್ಟ್ ಎಷ್ಟು ಹೊರಗಿದೆ ಅಂತ ಸ್ಕೇಲಿನಲ್ಲಿ ಅಳೆದು ಗೋಡೆ ಮೇಲೆ ಚಾಕ್‌ಪೀಸಲ್ಲಿ ಬರೆದು, ಆಮೇಲೆ ಅದನ್ನು ಸಡಿಲ ಮಾಡಿದರು. ಬ್ರೇಕ್ ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ಮೇಲಕ್ಕೆ ಕಟ್ಟಿದರು, ಪೈಪಿನ ಮೇಲೆ ಭಾರ ಬೀಳಬಾರದು.

ಜಾಯಿಂಟಿನ ನಟ್ಟು ತಾನಾಗಿ ಬಿಚ್ಚದಂತೆ ತಡೆಯುವ ಸ್ಪ್ಲಿಟ್ ಪಿನ್ನು ತುಕ್ಕು ಹಿಡಿದು ಪುಡಿಪುಡಿಯಾಗಿ ಬಂತು. ನಟ್ ಸಡಿಲವಾಯಿತು. ಆದರೆ ಗುಂಡಿನಿಂದ ಹೊರಟ ಜಾಯಿಂಟಿನ ಕಡ್ಡಿ ಸ್ಟಬ್ ಆಕ್ಸಲ್ ಬಿಟ್ಟು ಬರಲಿಲ್ಲ. ಅದು ಟೇಪರ್, ಅಂದರೆ ತುದಿಗೆ ಹೋದಂತೆ ಸಣ್ಣಗಾಗುವ ಆಕಾರ, ಗುದ್ದಲಿಗೆ ಕಾವು ಬಿಗಿದ ಹಾಗೆ, ವರ್ಷಗಟ್ಟಲೆ ಭಾರ ಬಿದ್ದು ಬಿದ್ದು ಒಂದಕ್ಕೊಂದು ಕಚ್ಚಿಕೊಂಡಿತ್ತು. ನಾನು ಕಡ್ಡಿಯ ತಲೆಗೇ ಹೊಡೆಯೋಣ್ವಾ ಅಂತ ಕೇಳಿದೆ. "ಅದಕ್ಕೆ ಹೊಡೆದ್ರೆ ತಲೆ ಹೂವಾಗುತ್ತೆ, ಆಮೇಲೆ ನಟ್ಟೂ ಬರಲ್ಲ, ಕಡ್ಡೀನೂ ಬರಲ್ಲ." ನಟ್ಟನ್ನು ಪೂರ್ತಿ ತೆಗೆಯದೆ ಮೂರ್ನಾಲ್ಕು ಎಳೆಯಲ್ಲಿ ಬಿಟ್ಟರು. ಬಿಟ್ಟುಕೊಂಡಾಗ ಎಲ್ಲ ಒಟ್ಟಿಗೆ ಮುಖಕ್ಕೆ ಹಾರಬಾರದಲ್ಲ, ಅದಕ್ಕೆ. ಸ್ಟಬ್ ಆಕ್ಸಲ್‌ನಲ್ಲಿ ಕಡ್ಡಿ ತೂರಿರುವ ದಪ್ಪ ಕಿವಿ ಇರುತ್ತಲ್ಲ, ಅದರ ಒಂದು ಪಕ್ಕಕ್ಕೆ ದೊಡ್ಡ ಸುತ್ತಿಗೆ ಒತ್ತಿ ಹಿಡಿಯೋಕೆ ನನಗೆ ಹೇಳಿ, ಎದುರು ಪಕ್ಕಕ್ಕೆ ಇನ್ನೊಂದು ಸುತ್ತಿಗೆಯಲ್ಲಿ ಹೊಡೆಯೋಕೆ ಶುರು ಮಾಡಿದರು. ಹೊಡೆದರು, ಹೊಡೆದರು, ಬೀಡಿ ಹಚ್ಚಿದರು, ಮತ್ತೆ ಹೊಡೆದರು. ನನ್ನ ಅಂಗೈ ಜುಮ್ಮೆನ್ನುತ್ತಿತ್ತು. ಗ್ಯಾಸ್ ಹಚ್ಚಿ ಬಿಸಿ ಮಾಡೋಣ್ವಾ ಅಂದೆ, ಸ್ಟಬ್ ಆಕ್ಸಲ್‌ನ ಹದ ಹೋಗುತ್ತೆ ಅಂತ ಬೈಸಿಕೊಂಡೆ. ಬೆಳಿಗ್ಗೆಯ ಅರ್ಧ ಹೊತ್ತು ಇದಕ್ಕೇ ಹೋಯಿತು. ಕೊನೆಗೆ ಒಂದು ಪೆಟ್ಟಿಗೆ, ಬೇರೆ ಪೆಟ್ಟುಗಳಿಗಿಂತ ಜೋರಾದದ್ದೇನೂ ಅಲ್ಲ, 'ಫಟ್' ಅಂತ ಬಿಟ್ಟುಕೊಂಡು ನಟ್ಟಿನ ಮೇಲೆ ಕೂತಿತು. ಆಚೆ ಕಡೆ ಕೊಟ್ಟಿಗೆಯಲ್ಲಿದ್ದ ದನ ತಿರುಗಿ ನೋಡಿತು.

ಕೆಳಗಿನ ಆರ್ಮ್‌ಗೆ ಜಾಯಿಂಟನ್ನು ಹಿಡಿದಿದ್ದ ನಾಲ್ಕು ಬೋಲ್ಟುಗಳು, ನಾವು ಭಯಪಟ್ಟಿದ್ದವು, ಸಲೀಸಾಗಿ ಬಂದವು.

ಹಳೇ ಜಾಯಿಂಟನ್ನು ಕೈಯಲ್ಲಿ ಹಿಡಿದು ನೋಡಿದೆ. ಗುಂಡಿಗೆ ಮುಚ್ಚಿರುವ ರಬ್ಬರ್ ಬೂಟು ಒಂದು ಕಡೆ ಸೀಳಿತ್ತು, ಉಗುರಿನಷ್ಟು ಉದ್ದ. ಒತ್ತಿದರೆ ಗ್ರೀಸ್ ಬರಲಿಲ್ಲ, ಇಟ್ಟಿಗೆ ಬಣ್ಣದ ಕೆಸರು ಬಂತು. ಕಡ್ಡಿ ಹಿಡಿದು ಅಲ್ಲಾಡಿಸಿದರೆ ಲಟಲಟ ಅಂತ ಎಲ್ಲ ಕಡೆ ಬೀಳುತ್ತಿತ್ತು. ಹೊಸದರಲ್ಲಿ ಎರಡೂ ಕೈ ಹಾಕಿದರೂ ಕಷ್ಟಪಟ್ಟು ತಿರುಗುತ್ತೆ. ಮೇಸ್ತ್ರಿ ಹಳೇದರ ಮುಚ್ಚಳ ಒಡೆದು ಗುಂಡು ತೆಗೆದರು. ಒಂದು ಕಡೆ ಕನ್ನಡಿಯಂತೆ ಹೊಳಪು, ಇನ್ನೊಂದು ಕಡೆ ತುಕ್ಕಿನ ಗುಂಡಿಗಳು. ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತೆ. ಬೂಟು ಸೀಳಿದ ಮೇಲೆ ಒಂದು ಮಳೆಗಾಲ ಸಾಕು, ಒಳಗೆ ನೀರು, ನೀರಿನ ಜೊತೆ ಮಣ್ಣು. ಶಬ್ದ ಬರುವುದು ಅದೆಲ್ಲ ಮುಗಿದ ಮೇಲೆ. ಅದಕ್ಕೇ ನನಗನ್ನಿಸುವುದು, ಸರ್ವಿಸಿಗೆ ಬಿಟ್ಟಾಗ ಆಯಿಲ್ ಎಷ್ಟು ಹಾಕಿದರು ಅಂತ ನೋಡೋದಕ್ಕಿಂತ ಅಡಿಗೆ ಬಗ್ಗಿ ಬೂಟುಗಳನ್ನು ಒಂದು ಸಲ ಬೆರಳಲ್ಲಿ ಸವರಿ ನೋಡೋದು ಜಾಸ್ತಿ ಉಪಯೋಗ. ದುಡ್ಡೂ ಬೇಡ.

ಹೊಸದನ್ನು ಕೂರಿಸುವುದರಲ್ಲಿ ಹೇಳುವಂಥದ್ದು ಕಡಿಮೆ. ಟೇಪರ್ ಕೂರುವ ತೂತನ್ನು ಬಟ್ಟೆಯಲ್ಲಿ ಒರೆಸಿ ಒಣಗಿಸಿದರು. ಅಲ್ಲಿ ಗ್ರೀಸ್ ಸವರಬಾರದು, ಒಣಗಿದ್ದರೇನೇ ಕಚ್ಚುವುದು. ನಟ್ಟನ್ನು ಟಾರ್ಕ್ ವ್ರೆಂಚಿನಲ್ಲಿ ಬಿಗಿದ ಮೇಲೆ ಪಿನ್ನಿನ ತೂತು ನಟ್ಟಿನ ಸೀಳಿಗೆ ನೇರ ಬರಲಿಲ್ಲ. ನಾನಾಗಿದ್ದರೆ ಸ್ವಲ್ಪ ಹಿಂದಕ್ಕೆ ತಿರುಗಿಸುತ್ತಿದ್ದೆನೋ ಏನೋ, ಅವರು ಮುಂದಕ್ಕೇ ಬಿಗಿದು ತೂತು ಸೇರಿಸಿದರು. ಹೊಸ ಸ್ಪ್ಲಿಟ್ ಪಿನ್ ಹಾಕಿ ಕಾಲು ಮಡಚಿದರು. ನಿಪ್ಪಲ್‌ಗೆ ಗ್ರೀಸ್ ಗನ್ ಹಚ್ಚಿ, ಬೂಟು ಸ್ವಲ್ಪ ಉಬ್ಬುತ್ತಲೇ "ಸಾಕು ಸಾಕು, ಒಡೀತದೆ" ಅಂತ ನನ್ನ ಕೈ ಹಿಡಿದರು. ಟಾರ್ಷನ್ ಬಾರಿನ ಬೋಲ್ಟು ಗೋಡೆಯ ಲೆಕ್ಕಕ್ಕೆ ವಾಪಸ್. ಅಪ್ಪಯ್ಯ ಸಂಜೆ ಬಂದು ಹಳೇ ಜಾಯಿಂಟನ್ನು ತೂಗಿ ನೋಡಿ "ಇಷ್ಟಕ್ಕೆ ಶಾಕು, ಬುಶ್ಶು ಎಲ್ಲ ಹೊಸದಾಯ್ತಾ?" ಅಂದರು. ಉತ್ತರ ಕೊಡುವ ಧೈರ್ಯ ಯಾರೂ ಮಾಡಲಿಲ್ಲ.

ಮರುದಿನ ಶಿವಮೊಗ್ಗಕ್ಕೆ ಹೋಗಿ ಅಲೈನ್‌ಮೆಂಟ್ ಮಾಡಿಸಿದೆ. ಜಾಯಿಂಟ್ ಬದಲಾದ ಮೇಲೆ ಕ್ಯಾಂಬರ್, ಟೋ, ಅಂದರೆ ಚಕ್ರದ ವಾಲು ಮತ್ತು ದಿಕ್ಕು, ಹಳೇ ಲೆಕ್ಕದಲ್ಲೇ ಬಿಟ್ಟರೆ ಹೊಸ ಟೈರೂ ಅದೇ ಒಳ ಅಂಚಿನಲ್ಲಿ ತಿನ್ನುತ್ತೆ. ಮಂಡಗದ್ದೆ, ಗಾಜನೂರು ದಾಟುವವರೆಗೂ ರೇಡಿಯೋ ಹಾಕಲಿಲ್ಲ, ಪ್ರತಿ ಹಂಪಿಗೂ ಕಿವಿ ಕೊಟ್ಟೇ ಓಡಿಸಿದೆ. ಏನೂ ಇಲ್ಲ. ಸವೆದ ಟೈರನ್ನು ಸ್ಟೆಪ್ನಿಗೆ ಹಾಕಿಸಿದೆ. ಎಡಗಡೆ ಜಾಯಿಂಟನ್ನೂ ಮೇಸ್ತ್ರಿ ಅದೇ ಹಾರೆಯಲ್ಲಿ ಮೀಟಿ ನೋಡಿದ್ದರು. ಪ್ಲೇ ಇಲ್ಲ, ಆದರೆ ಬೂಟು ಬಿರುಕು ಬಿಡೋಕೆ ಶುರುವಾಗಿದೆಯಂತೆ. ಮಳೆ ಹಿಡಿಯುವ ಮೊದಲು ಅದನ್ನೂ ಬಿಚ್ಚುವುದು ಅಂತ ಮಾತಾಗಿದೆ, ಸುತ್ತಿಗೆ ಒತ್ತಿ ಹಿಡಿಯೋಕೆ ಈ ಸಲ ತಮ್ಮನನ್ನು ಕರೆದುಕೊಂಡು ಹೋಗ್ತೀನಿ.